ಅತ್ತೆ ಕಟ್ಟಿದ ಮಡಿಲಕ್ಕಿ

ಮೊನ್ನೆ ಬೀರುವಿನ ಕೆಳಗಿನ ಖಾನೆ ಚೊಕ್ಕ ಮಾಡುವಾಗ ಗಿಳಿಹಸಿರು ಬಣ್ಣದ ರವಿಕೆ ಕಣವೊಂದು ಕೈಗೆ ಬಂತು. ಇವತ್ತಿಗೂ ಹೊಲಿಸಿಲ್ಲ. ಮಡಿಕೆ ಬಿಡಿಸಿದರೆ ಅರಿಶಿನ, ಬೆಲ್ಲ, ಒಣಗಿದ ವೀಳ್ಯದೆಲೆಯ ವಾಸನೆ ಇನ್ನೂ ಇತ್ತು... ಅಥವಾ ಇದೆ ಅಂತ ನನಗೆ ಅನ್ನಿಸಿತೋ ಏನೋ. ಅತ್ತೆ ಬಂದು ಪಕ್ಕದಲ್ಲೇ ನಿಂತ ಹಾಗಾಯಿತು.

ಯಶವಂತಪುರದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಅವರ ಮಗನಿಗೆ, ಅಂದರೆ ನನ್ನ ಗಂಡನಿಗೆ, ಬೇರೊಬ್ಬಳ ಸಹವಾಸ. ಇವತ್ತು ಸರಿಹೋದಾನು, ನಾಳೆ ಸರಿಹೋದಾನು ಅಂತ ಕಾದು ಸಾಕಾಗಿ, ಜಾಲಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡೆ. ಬಳೆ ಅಡವಿಟ್ಟು, ಆರ್.ಟಿ. ನಗರದ ಲಾಯರೊಬ್ಬರಿಗೆ ಡೈವೋರ್ಸ್ ಕೇಸಿನ ಪೂರ್ತಿ ಫೀಸನ್ನು ಮೊದಲೇ ಕೊಟ್ಟುಬಿಟ್ಟೆ. ಎಂಥ ದಡ್ಡಿ ನಾನು! ಅವರು ಬರೆಸಿದ್ದ ಅರ್ಜಿಯನ್ನು ಎರಡೆರಡು ಸಲ ಓದಿದೆ. ಅತ್ತೆ ನನ್ನನ್ನು ಹೊಡೆಯುತ್ತಿದ್ದರಂತೆ, ಅನ್ನ ಹಾಕದೆ ಕೂಡಿಹಾಕುತ್ತಿದ್ದರಂತೆ. ಇದೆಲ್ಲ ಸುಳ್ಳು ಎಂದೆ. ಬರೀ ಗಂಡನ ತಪ್ಪಾದರೆ ಕೇಸು ಸಪ್ಪೆ, ಅತ್ತೆಯೂ ಸೇರಿದರೆ ಉಪ್ಪು ಖಾರ ಹತ್ತುತ್ತೆ, ಸೈನ್ ಮಾಡಿ ಎಂದರು. ನಾನು ಮಾಡಲಿಲ್ಲ. ನೀವು ನನ್ನ ಕೇಸು ನಡೆಸುವುದೇ ಬೇಡ ಎಂದೆ. ಸರಿ, ಆದರೆ ಫೀಸು ವಾಪಸ್ ಇಲ್ಲ ಎಂದುಬಿಟ್ಟರು.

ಇನ್ನೊಬ್ಬ ಲಾಯರಿಗೆ ಕೊಡಲು ನನ್ನ ಹತ್ತಿರ ಚಿಕ್ಕಾಸೂ ಇರಲಿಲ್ಲ. ಆ ದುಡ್ಡು ಬರದಿದ್ದರೆ ಬಿಡುಗಡೆಯೂ ಇಲ್ಲ. ಹೇಳಿಕೊಳ್ಳೋಣವೆಂದರೆ ಅಮ್ಮ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಬಟ್ಟೆಬರೆ ತರಲು ಚಿಕ್ಕಬಾಣಾವರದ ಮನೆಗೆ ಹೋದವಳು, ಅತ್ತೆಯ ಮುಂದೆ ಎಲ್ಲವನ್ನೂ ಹೇಳಿ ಗೊಳೋ ಎಂದು ಅತ್ತುಬಿಟ್ಟೆ. ಅರ್ಜಿಯಲ್ಲಿ ಯಾರನ್ನು ಬೈದಿತ್ತೋ ಅವರ ಮುಂದೆಯೇ! ಅವರು ಅವರೆಕಾಯಿ ಸುಲಿಯುತ್ತಿದ್ದರು. ಮಗನ ಸಂಸಾರ ಮುರಿಯಲಿ ಅಂತ ಯಾವ ತಾಯಿಗೆ ಆಸೆ ಇರುತ್ತೆ? ಮೊರದಲ್ಲಿದ್ದ ಕಾಯನ್ನೆಲ್ಲ ಸುಲಿದು ಮುಗಿಸಿದರು. ಆಮೇಲೆ ಮೊರ ಪಕ್ಕಕ್ಕಿಟ್ಟು, "ಇರಾಕೆ ಆಗ್ದಿದ್ರೆ ಇರ್ಬೇಡ ಕಣವ್ವ. ಬಳೆ ಯಾಕ್ ಕಳ್ಕಬೇಕು? ನಾಳೆ ಓಗಾನ, ನಾನೂ ಬತ್ತೀನಿ" ಎಂದರು.

ಮರುದಿನ ಲಾಯರ ಎದುರಿಗೆ ಸೆರಗು ಹೊದ್ದು ಕೂತರು. ಲಾಯರು ಇವರನ್ನು ನನ್ನ ತಾಯಿ ಅಂದುಕೊಂಡರು. ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ, ಅಂಥ ಅತ್ತೆಯನ್ನು ಸುಮ್ಮನೆ ಬಿಡಬಾರದು ಅಂತ ಶುರು ಮಾಡಿದರು. ಅತ್ತೆ ತಲೆಯಾಡಿಸುತ್ತಾ ಕೊನೆಯವರೆಗೂ ಕೇಳಿಸಿಕೊಂಡರು.

"ಆ ಬಡಿಯೋ ಅತ್ತೆ ನಾನೇ ಸಾಮಿ. ಬರ್ದಿದ್ದಕ್ಕೆ ಎಷ್ಟೋ ಅಷ್ಟು ಇಟ್ಕಳಿ. ಮಿಕ್ಕಿದ್ದು ಈ ಮಗೀಗೆ ಕೊಡಿ."

ಲಾಯರ ಮುಖ ನೋಡಬೇಕಿತ್ತು. ಕೇಸು ಇನ್ನೂ ಕೋರ್ಟಿಗೆ ಹೋಗಿರಲಿಲ್ಲ. ಅರ್ಜಿ ಬರೆದದ್ದಕ್ಕೆ ಒಂದಿಷ್ಟು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು, ನನ್ನ ಕಾಗದಪತ್ರಗಳನ್ನೂ ಕೊಟ್ಟರು. ಆ ದುಡ್ಡಲ್ಲೇ ಬೇರೆ ಲಾಯರನ್ನು ಹಿಡಿದೆ. ಇಬ್ಬರೂ ಒಪ್ಪಿ ಬೇರೆಯಾಗುವ ಅರ್ಜಿಗೆ ಮಗನ ಕೈಲಿ ಸಹಿ ಹಾಕಿಸಿದವರೂ ಅತ್ತೆಯೇ.

ಎಲ್ಲ ಮುಗಿದ ಮೇಲೆ ಒಂದು ದಿನ ಮನೆಗೆ ಕರೆಸಿ, ಮಣೆ ಹಾಕಿ ಕೂರಿಸಿ, ಮಡಿಲಕ್ಕಿ ಕಟ್ಟಿದರು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಈ ಹಸಿರು ಕಣ. ತವರಿನವರು ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಟ್ಟುವ ಮಡಿಲಕ್ಕಿ ಅದು. ಬಿಟ್ಟು ಹೋಗುವ ಸೊಸೆಗೆ ಯಾರಾದರೂ ಕಟ್ಟುತ್ತಾರಾ? ಹೊರಡುವ ಮಗಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತವರಿಗೇ ಹಾಕಿ ಹೋಗುವುದು ಪದ್ಧತಿ. ಹಾಕುವುದೋ ಬೇಡವೋ ತಿಳಿಯದೆ ನಾನು ನಿಂತೇ ಇದ್ದೆ. ಅತ್ತೆ ಮೊರವನ್ನು ನನ್ನ ಮುಂದೆ ಹಿಡಿದರು.

"ಆಕವ್ವ. ನಿನ್ ತವರು ತಣ್ಣಗಿರ್ಲಿ."

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಕಾರ್ಯವೆಲ್ಲ ಮುಗಿದ ಮೇಲೆ. ಬಿಟ್ಟು ಬಂದವಳಿಗೆ ಯಾರು ಹೇಳಿ ಕಳಿಸುತ್ತಾರೆ... ಕೋರ್ಟಿನಿಂದ ಆಚೆ ಬಂದ ದಿನ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಈ ಸುದ್ದಿ ಕೇಳಿದ ದಿನ, ಇನ್ನು ನನಗೆ ತವರಿಲ್ಲ ಅಂತ ಬಿಕ್ಕಿ ಬಿಕ್ಕಿ ಅಳು ಬಂತು. ಮೊನ್ನೆ ಆ ಕಣವನ್ನು ಅದೇ ಮಡಿಕೆಯಲ್ಲಿ ಮಡಿಸಿ ಮತ್ತೆ ಬೀರುವಿನೊಳಗಿಟ್ಟೆ.