ಅಪ್ಪನ ಧ್ವನಿಯಲ್ಲಿ ಒಂದು ಸಾಲದ ಅರ್ಜಿ

ಎಂಬಿಬಿಎಸ್ ಎರಡನೇ ವರ್ಷದ ಶುಲ್ಕ ಕಟ್ಟಲು ಹನ್ನೊಂದು ದಿನ ಉಳಿದಿದ್ದಾಗ ನನ್ನ ಬಳಿ ಇದ್ದದ್ದು ಒಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ಪ್ರತಿ ಕಾಗದದ ಮೂರು ಮೂರು ಜೆರಾಕ್ಸು, ಮತ್ತು ಯಾರ ಧ್ವನಿಯನ್ನಾದರೂ ಅಣಕಿಸಿ ತೆಗೆಯಬಲ್ಲ ಗಂಟಲು. ಶುಲ್ಕ ಕಟ್ಟದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಗಂಟಲನ್ನು ಅಡವಿಡಲು ಬರುವಂತಿದ್ದರೆ ನಾನು ಅಂದೇ ಇಟ್ಟುಬಿಡುತ್ತಿದ್ದೆ.

ಅರ್ಜಿಗಳು ಎರಡು. ಒಂದು ವಿದ್ಯಾರ್ಥಿವೇತನದ್ದು. ಅದನ್ನು ಆನ್‌ಲೈನಿನಲ್ಲಿ ಹಾಕಿ ತಿಂಗಳುಗಳಾಗಿದ್ದವು, ಯಾವಾಗ ತೆರೆದು ನೋಡಿದರೂ ‘ಪರಿಶೀಲನೆಯಲ್ಲಿದೆ’ ಎನ್ನುತ್ತಿತ್ತು. ಇನ್ನೊಂದು ಶಿಕ್ಷಣ ಸಾಲದ್ದು. ನಮ್ಮ ಊರು ಸಂಶಿಯಿಂದ ಬಸ್ಸು ಹಿಡಿದು ಹೋಗಬೇಕಾದ ಬ್ಯಾಂಕು ಅದು. ಅಲ್ಲಿನ ಸಾಲದ ಅಧಿಕಾರಿ ಮೂಗಿನೊಳಗಿಂದ ‘ಹ್ಞಾಂ... ಆದ್ರ’ ಎನ್ನುತ್ತಿದ್ದರು. ಪ್ರತಿ ‘ಆದ್ರ’ಕ್ಕೂ ಒಂದು ಹೊಸ ಕಾಗದ ಹುಟ್ಟುತ್ತಿತ್ತು. ಹಾಸ್ಟೆಲಿನಲ್ಲಿ ನಾನು ಅವರ ಧ್ವನಿ ತೆಗೆದರೆ ಹುಡುಗರು ಊಟ ಬಿಟ್ಟು ನಗುತ್ತಿದ್ದರು. ಅವರ ಎದುರಿಗೆ ಕೂತಾಗ ಮಾತ್ರ ನನಗೆ ಆಕಳಿಕೆ ಬರುತ್ತಿತ್ತು.

‘ಹ್ಞಾಂ, ಎಲ್ಲಾ ಬರೊಬ್ಬರಿ ಐತಿ. ಆದ್ರ, ತಮ್ಮಾ, ನಿಮ್ಮ ಅಪ್ಪಾರ ಹೆಸರು ಅಂಕಪಟ್ಟಿಯೊಳಗ ಒಂದೈತಿ, ಆದಾಯ ಪತ್ರದಾಗ ಒಂದೈತಿ.’

ವ್ಯತ್ಯಾಸ ಕೊನೆಯ ಒಂದೇ ಅಕ್ಷರದ್ದು. ನಮ್ಮ ಕಡೆ ಗಂಡಸರ ಹೆಸರಿನ ಕೊನೆಗೆ ‘ಪ್ಪ’ ಹಚ್ಚುವುದು ರೂಢಿ. ಶಾಲೆಯ ಮಾಸ್ತರರು ಹಚ್ಚಿ ಬರೆದಿದ್ದರು, ಆದಾಯ ಪತ್ರ ಟೈಪು ಮಾಡಿದವರು ಬಿಟ್ಟಿದ್ದರು.

‘ಪ್ಪ ಹಚ್ಚಿದ್ರೂ ಅವರ, ಬಿಟ್ರೂ ಅವರ ರೀ’ ಎಂದೆ.

‘ನನಗ ತಿಳೀತೈತಪಾ. ಕಂಪ್ಯೂಟರಿಗೆ ಯಾರ್ ತಿಳಿಸಿ ಹೇಳ್ಬೇಕು?’

ಒಂದು ‘ಪ್ಪ’ ಇಲ್ಲದ್ದಕ್ಕೆ ನಾನು ಅಪ್ಪನೇ ಇಲ್ಲದವನಾದೆ. ಇಬ್ಬರೂ ಒಬ್ಬರೇ ಎಂದು ಬಾಂಡ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ ತರುವಷ್ಟರಲ್ಲಿ ಹನ್ನೊಂದು ದಿನ ಐದಕ್ಕಿಳಿದಿತ್ತು.

ಉಳಿದದ್ದು ಒಂದು ಫೋನು. ಸಹ-ಅರ್ಜಿದಾರರಾದ ಅಪ್ಪನ ಜೊತೆ ಬ್ಯಾಂಕಿನವರು ಮಾತಾಡಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಅಪ್ಪ ನಡೆಸುವುದು ಹಿಟ್ಟಿನ ಗಿರಣಿ. ಯಂತ್ರ ಶುರುವಾದರೆ ಫೋನಿರಲಿ, ಸಿಡಿಲು ಬಿದ್ದರೂ ಅವರಿಗೆ ಕೇಳಿಸುವುದಿಲ್ಲ. ಎರಡು ಸಲ ಕರೆ ಬಂದು ಹೋಯಿತು. ಮೂರನೇ ಸಲವೂ ಸಿಗದಿದ್ದರೆ ಫೈಲು ವಾಪಸ್ಸು ಎಂದು ಅಧಿಕಾರಿ ನನಗೆ ಹೇಳಿದರು. ಹಾಗಾಗಿ ಮರುದಿನ ಅಪ್ಪನ ಫೋನು ಇಸಿದುಕೊಂಡು ಗಿರಣಿಯ ಹೊರಗಿನ ಕಟ್ಟೆಯ ಮೇಲೆ ಕೂತೆ. ಕರೆ ಬಂದ ಕೂಡಲೇ ಒಳಗೆ ಓಡಿ ಕೊಡುವುದೆಂದೇ ಇತ್ತು.

ಬಂದಾಗ ಓಡಲಿಲ್ಲ. ಕಾಗದ ಹೊತ್ತು ತಿರುಗಿ ಕಾಲು ಸೋತಿದ್ದವು ಎಂದು ಹೇಳಬಹುದು, ಅದು ಅರ್ಧ ನಿಜ. ಉಳಿದರ್ಧ ಬೇರೆ. ಮೊದಲ ವರ್ಷ ಬಯೋಕೆಮಿಸ್ಟ್ರಿಯಲ್ಲಿ ಫೇಲಾಗಿ ಎರಡನೇ ಸಲಕ್ಕೆ ಪಾಸಾಗಿದ್ದೆ. ಅದು ಬ್ಯಾಂಕಿಗೆ ಕೊಟ್ಟ ಅಂಕಪಟ್ಟಿಯಲ್ಲಿತ್ತು, ಅಪ್ಪನಿಗೆ ಹೇಳಿರಲಿಲ್ಲ. ಮಾತಿನ ನಡುವೆ ಅಧಿಕಾರಿ ಅದನ್ನು ಎತ್ತಿಬಿಟ್ಟರೆ?

ವರ್ಷಗಟ್ಟಲೆ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಒಡೆದ ಅಪ್ಪನ ಧ್ವನಿ ನನಗೆ ಸಲೀಸು. ತೆಗೆದೆ.

‘ಹಲೋ, ಹೇಳ್ರಿ.’

‘ಹ್ಞಾಂ, ಬ್ಯಾಂಕಿನಿಂದ ಮಾತಾಡೂದ್ರಿ. ಮಗನ ಸಾಲಕ್ಕ ನಿಮ್ಮ ಒಪ್ಪಿಗಿ ಐತೇನ್ರಿ?’

‘ಅಗದಿ ಐತ್ರಿ.’

ಹುಟ್ಟಿದ ತಾರೀಖು ಕೇಳಿದರು, ಆಧಾರಿನ ಕೊನೆಯ ಅಂಕಿ ಕೇಳಿದರು. ಅಷ್ಟು ಸಲ ತುಂಬಿದ್ದೆನಲ್ಲ, ಅಪ್ಪನಿಗಿಂತ ಚೆನ್ನಾಗಿ ಹೇಳಿದೆ.

‘ಹ್ಞಾಂ... ಆದ್ರ, ಉದ್ಯೋಗ ಏನ್ರಿ?’

‘ಗಿರಣಿ ನಡಸ್ತಾರ್ರಿ.’

ನಮ್ಮ ಮನೆಯಲ್ಲಿ ಅಪ್ಪನಿಗೆ ಯಾರೂ ಏಕವಚನ ಹಚ್ಚುವುದಿಲ್ಲ. ಅವರು ಬಂದರು, ಉಂಡರು, ಗಿರಣಿ ನಡೆಸುತ್ತಾರೆ. ‘ನಡಸ್ತೀನ್ರಿ’ ಎನ್ನಬೇಕಾದಲ್ಲಿ ನಾಲಿಗೆ ತಾನಾಗಿ ಮರ್ಯಾದೆ ಕೊಟ್ಟುಬಿಟ್ಟಿತ್ತು.

‘ಯಾರ್ ನಡಸ್ತಾರ್ರಿ?’

‘ಅಪ್ಪಾರು’ ಎಂದೆ, ಇನ್ನೂ ಅಪ್ಪನ ಧ್ವನಿಯಲ್ಲೇ.

‘ನಿಮ್ಮ ಅಪ್ಪಾರೋ, ಅಪ್ಪಾರ ಅಪ್ಪಾರೋ?’ ಎಂದು ಕೇಳಿ ಅವರೇ ಉಸಿರು ಬಿಟ್ಟರು. ‘ಫೋನ್ ಒಯ್ದು ಹಿರ್ಯಾರ ಕೈಯಾಗ ಕೊಡಪಾ ಡಾಕ್ಟರ್. ನಾ ಕಟ್ ಮಾಡಂಗಿಲ್ಲ.’

ಒಳಗೆ ಹೋಗಿ ಕೈಸನ್ನೆ ಮಾಡಿದೆ. ಅಪ್ಪ ಯಂತ್ರ ನಿಲ್ಲಿಸಿದರು. ಜೋಳದ ಡಬ್ಬಿ ಹಿಡಿದು ನಿಂತಿದ್ದ ಮುದುಕಿ, ‘ಯಾಕೋ ತಮ್ಮಾ, ಕರೆಂಟ್ ಹೋತೇನು?’ ಎಂದಳು.

‘ಇಲ್ಲಬೇ ಯವ್ವಾ, ನಂದ ಹೋತು.’

ಯಂತ್ರ ನಿಂತಾಗ ಅಪ್ಪ ಬಹಳ ಮೆಲ್ಲಗೆ ಮಾತಾಡುತ್ತಾರೆ. ಇಷ್ಟು ವರ್ಷ ಅವರನ್ನು ಅಣಕಿಸಿದ ನಾನು ಅದನ್ನು ಗಮನಿಸಿರಲಿಲ್ಲ.

‘ಹೌದ್ರಿ... ಒಪ್ಪಿಗಿ ಐತ್ರಿ... ಹೌದಾ?’ ನನ್ನ ಕಡೆ ನೋಡಿದರು. ‘ಎರಡನೇ ಸಲಕ್ಕ?... ಇಲ್ರಿ, ನಮಗ ಹೇಳಿಲ್ಲ... ನನ್ನ ಧ್ವನಿಯಾಗ?... ಆತ್ರಿ, ನಾಳೆ ಸಹಿಗೆ ಬರ್ತೀನ್ರಿ.’

ಫೋನು ವಾಪಸ್ಸು ಕೊಟ್ಟರು.

‘ಯಾವುದು ಹೋಗಿತ್ತು?’

‘ಬಯೋಕೆಮಿಸ್ಟ್ರಿ ರೀ.’

‘ಈಗ ಬರ್ತೈತಿ?’

‘ಸ್ವಲ್ಪ ಬರ್ತೈತ್ರಿ.’

‘ನನ್ನ ಧ್ವನಿ ಕಲ್ಯಾಕ ಎಷ್ಟು ದಿನ ಹತ್ತಿತು?’

‘ಅದಕ್ಕೇನ್ ಕಲೀಬೇಕ್ರಿ.’

‘ಹ್ಞೂಂ’ ಎಂದು ಸ್ವಿಚ್ಚು ಒತ್ತಿದರು. ಬೈದಿದ್ದರೂ ಆ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ. ಆದರೆ ಬೈಯಲಿಲ್ಲ, ತುಟಿ ನೋಡುತ್ತಲೇ ನಿಂತಿದ್ದೆ.

ಮರುದಿನ ಬ್ಯಾಂಕಿನಲ್ಲಿ ಅಧಿಕಾರಿ ಎದ್ದು ಕುರ್ಚಿ ಸರಿಸಿದರು. ‘ಬರ್ರಿ, ಕೂಡ್ರಿ. ಇವತ್ತ ಅಸಲು ತಂದಿಯೇನಪಾ? ನಿನ್ನೆ ಜೆರಾಕ್ಸ್ ಮಾತಾಡಿತ್ತು.’

ಅಪ್ಪ ಸಹಿಗೆ ಮೊದಲು ಪ್ರತಿ ಹಾಳೆಯನ್ನೂ ಬೆರಳಿಟ್ಟು ಓದಿದರು. ಒಂದು ಕಡೆ ನಿಂತು, ‘ಇದೇನ್ರಿ?’ ಎಂದರು.

‘ಇವ ಕಟ್ಟಲಿಲ್ಲಂದ್ರ ನೀವು ಕಟ್ಟಬೇಕಾಕ್ಕೈತಿ ಅಂತ್ರಿ.’

‘ಇವ ಮತ್ತ ಫೇಲಾಗಿ, ಮನ್ಯಾಗ ಹೇಳಲಿಲ್ಲಂದ್ರ?’

‘ಹ್ಞಾಂ... ಆದ್ರ, ಅದಕ್ಕ ನಮ್ಮಲ್ಲಿ ಫಾರ್ಮ್ ಇಲ್ರಿ.’

ಅಪ್ಪ ಸಹಿ ಮಾಡಿದರು. ಎಲ್ಲ ಹಾಳೆ ಮುಗಿಯುವವರೆಗೂ ನಾನು ನಿಂತೇ ಇದ್ದೆ, ಕೂಡು ಎಂದು ಇಬ್ಬರೂ ಅನ್ನಲಿಲ್ಲ.

ಮಂಜೂರಾತಿ ಪತ್ರ ಕೊನೆಯ ದಿನದ ಮಧ್ಯಾಹ್ನ ಬಂತು, ಶುಲ್ಕ ಜಮಾ ಆಯಿತು. ವಿದ್ಯಾರ್ಥಿವೇತನ ಈಗಲೂ ಪರಿಶೀಲನೆಯಲ್ಲಿದೆ. ಖುಷಿಪಡಬೇಕೆಂದು ಹಾಸ್ಟೆಲಿನ ಮಂಚದ ಮೇಲೆ ಕೂತವನಿಗೆ ಖುಷಿಪಡುವಷ್ಟು ತ್ರಾಣವಿರಲಿಲ್ಲ. ಸಂಜೆ ಗಿರಣಿ ಬಂದ್ ಆಗುವ ಹೊತ್ತು ನೋಡಿ ಅಪ್ಪನಿಗೆ ಫೋನು ಮಾಡಿ, ಎರಡನೇ ವರ್ಷದ ವಿಷಯಗಳ ಹೆಸರು ಒಂದೊಂದಾಗಿ ಹೇಳಿದೆ.

‘ಇದರಾಗ ಕಠಿಣ ಯಾವುದು?’ ಎಂದರು.

‘ಎಲ್ಲಾನೂ ಕಠಿಣ ಅದಾವ್ರಿ.’

‘ಹಂಗಾರ ಮೊದಲ ಉಣ್ಣು’ ಎಂದರು ಅಪ್ಪ.