ಅಪ್ಪನೂ ಮಿರ್ಚಿ ಬಿಟ್ಟಿದ್ದರು

ಗೆಳೆಯರೇ, ಇವತ್ತು ಡಾಕ್ಟರು ನನ್ನನ್ನು ತೂಕದ ಮಷಿನ್ ಮೇಲೆ ನಿಲ್ಲಿಸಿ, ಮುಖ ಕೂಡ ನೋಡದೆ ಕೇಳಿದರು, "ಅಪ್ಪಾರು ಎಷ್ಟು ವಯಸ್ಸಿಗೆ ಹೋದ್ರು?"

"ಐವತ್ತೆರಡಕ್ಕ ರಿ. ಹಾರ್ಟ್ ಅಟ್ಯಾಕ್."

"ನಿಮಗೀಗ?"

"ಐವತ್ತೊಂದು."

"ಇಪ್ಪತ್ತು ಕಿಲೋ ಇಳಸ್ರಿ. ಇಲ್ಲಾಂದ್ರ ನೀವೂ ಅದಾ ದಾರಿ."

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಎದೆಯ ಎಡಭಾಗದಲ್ಲಿ ಏನೋ ಚುಚ್ಚಿತು. ಜೀವವೇ ಹೋದಂತಾಯಿತು. ಮುಟ್ಟಿ ನೋಡಿದರೆ ಜೇಬಿನ ಪೆನ್ನು.

ಸತ್ಯನಾರಾಯಣಪೇಟೆಯ ನಮ್ಮ ಓಣಿಯ ತಿರುವಿನಲ್ಲಿ ಹುಸೇನಪ್ಪ ತಾತನ ಮಿರ್ಚಿ ಬಂಡಿ. ಅಪ್ಪನ ಕಾಲದಿಂದಲೂ ನಮಗೆ ಅವನದೇ ಒಗ್ಗರಣಿ-ಮಿರ್ಚಿ, ಅಂದರೆ ಮಂಡಕ್ಕಿ ಒಗ್ಗರಣೆ ಜೊತೆ ಮೆಣಸಿನಕಾಯಿ ಬಜ್ಜಿ. ನನ್ನನ್ನು ಕಂಡೊಡನೆ ಪ್ಲೇಟು ತೆಗೆದ.

"ಬ್ಯಾಡ ತಾತಾ. ಇವತ್ತಿಂದ ಬಿಟ್ಟೆ. ಡಾಕ್ಟ್ರು ಹೇಳ್ಯಾರ."

ತಾತ ನಕ್ಕ. "ನಿಮ್ಮಪ್ಪಾರೂ ಹಿಂಗಾ ಬಿಟ್ಟಿದ್ರು ನೋಡಪಾ."

"ಎಷ್ಟು ದಿನ?"

"ಮರುದಿನಾ ಬಂದ್ರು. ನಿನಗೂ ನಾಳಿಗೆ ಬಿಸಿಬಿಸಿ ಹಾಕಿಟ್ಟಿರ್ತೀನಿ, ಬಾ."

ಅವನು ಹೇಳಿದ್ದು ಪ್ರೀತಿಯಿಂದಲೇ. ಆದರೆ ಡಾಕ್ಟರಿಗಿಂತ ಅವನೇ ನನ್ನನ್ನು ಹೆಚ್ಚು ಹೆದರಿಸಿದ.

ನಾಳೆ ಬೆಳಿಗ್ಗೆ ಆ ಬಂಡಿಯ ಹತ್ತಿರ ನಾನೇನಾದರೂ ಕಂಡರೆ, ದಯವಿಟ್ಟು ಯಾರಾದರೂ ಅಟ್ಟಿಸಿಕೊಂಡು ಬನ್ನಿ. ಓಡಿದಷ್ಟು ತೂಕವಾದರೂ ಇಳಿದೀತು.