ಮಗ್ಗುಲು ಬದಲಿಸಿದ ಗುಡ್ಡ

ಇವತ್ತಿನ ಪತ್ರಿಕೆಯಲ್ಲಿ ನಮ್ಮ ಶಹಾಪುರದ ಗುಡ್ಡದ ಚಿತ್ರ ಬಂದಿದೆ. ಬುದ್ಧ ಮಲಗಿದಂತೆ ಕಾಣುವ ಗುಡ್ಡ. ನೀವೂ ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಚಿತ್ರವನ್ನು ಯಾರೋ ಎಡಬಲ ಅದಲುಬದಲು ಮಾಡಿ ಅಚ್ಚು ಹಾಕಿದ್ದಾರೆ. ತಲೆ ಇರಬೇಕಾದಲ್ಲಿ ಕಾಲು, ಕಾಲಿನ ಕಡೆ ತಲೆ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದನೇನೋ ಅನ್ನಿಸಿ ನಗು ಬಂತು. ಪತ್ರಿಕೆಯವರಿಗೆ ಫೋನ್ ಮಾಡಿ ಹೇಳೋಣವೆಂದರೆ ಮಾತ್ರ ಕೈ ಮುಂದೆ ಹೋಗಲಿಲ್ಲ.

ಅದು ನಮ್ಮ ಮನೆಯವರ ಕೆಲಸವಾಗಿತ್ತು. ಅವರು ತೀರಿಕೊಂಡು ಆರು ತಿಂಗಳಾಯಿತು. ಓಣಿಗೆ, ಬೀಗರಿಗೆ, ಬ್ಯಾಂಕಿಗೆ ಎಲ್ಲ ಕಡೆ ತಿಳಿಸಿದ್ದೇವೆ. ಯಾದಗಿರಿಯ ಆ ಪತ್ರಿಕೆಯ ಕಚೇರಿಗೊಂದು ತಿಳಿಸಿಲ್ಲ. ಅಲ್ಲಿ ಅವರಿನ್ನೂ ಬದುಕಿದ್ದಾರೆ. ಒಂದು ಕಡೆಯಾದರೂ ಇರಲಿ ಎಂದು ಸುಮ್ಮನಿದ್ದೆ.

ಬಟ್ಟೆ ಅಂಗಡಿ ಅವರ ಹೊಟ್ಟೆಪಾಡು, ತಪ್ಪು ತಿದ್ದುವುದು ವ್ರತ. ಗಿರಾಕಿ ಸೀರೆ ಹಿಡಿದು ನಿಂತಿದ್ದರೂ, "ಒಂದ್ ಮಿನಿಟ್ ತಾಳ್ರಿ ಅಕ್ಕಾರ, ಕೆಂಭಾವಿ ಸಂತಿ ದಿನಾನ ಬದ್ಲಿ ಮಾಡ್ಯಾರ ಈ ಪೇಪರ್ನವ್ರು" ಎಂದು ಫೋನಿಗೆ ಕೈ ಹಾಕುತ್ತಿದ್ದರು. ಟೀವಿಯನ್ನೂ ಬಿಡುತ್ತಿರಲಿಲ್ಲ. ಸುರಪುರ ಕಲಬುರಗಿ ಜಿಲ್ಲೆಯಲ್ಲಿದೆ ಎಂದು ಅದರೊಳಗಿನ ಹುಡುಗಿ ಹೇಳಿದರೆ, ಊಟದ ತಟ್ಟೆ ಹಿಡಿದೇ ಎದ್ದು, "ತಂಗೀ, ನಮ್ಮ ಯಾದಗಿರಿ ಜಿಲ್ಲಾ ಬ್ಯಾರೆ ಆಗ್ಯಾದವ್ವ" ಎಂದು ತಿಳಿಹೇಳುವರು.

"ಆಕಿಗೆ ಕೇಳಸ್ತದೇನ್ರಿ?"

"ನಿನಗ ಕೇಳಸ್ತಲ್ಲ."

ನನ್ನ ಪಾಲಿಗೂ ಒಂದು ತಿದ್ದುಪಡಿ ಬಂತು. ಯಾದಗಿರಿಯಲ್ಲಿ ಜೋಳದ ರೊಟ್ಟಿ ಬಡಿಯುವ ಸ್ಪರ್ಧೆಯಲ್ಲಿ ನನಗೆ ಮೂರನೇ ಬಹುಮಾನ. ಮರುದಿನ ಪತ್ರಿಕೆಯಲ್ಲಿ ನನ್ನ ಚಿತ್ರದ ಕೆಳಗೆ ಪ್ರಥಮ ಎಂದು ಹಾಕಿದ್ದರು. ಓಣಿಯ ಹೆಂಗಸರು ಬಂದು ಪಡಸಾಲೆ ತುಂಬಿದರು. ನಿಜ ಹೇಳಲು ನಾಳೆಯೂ ಇದೆಯಲ್ಲ ಎಂದುಕೊಂಡು ನಾನು ಸಕ್ಕರೆ ಹಂಚುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ, ಫೋನಿನಲ್ಲಿ ಅವರ ದೊಡ್ಡ ಧ್ವನಿ:

"ನಮ್ಮನಿಯಾಕಿ ಮೊದಲ್ನೇದಾಕಿ ಅಲ್ರಿ, ಮೂರ್ನೇದಾಕಿ. ಮೊದಲ್ನೇದಾಕಿ ಸುರಪುರದಾಕಿ. ಆಕಿ ರೊಟ್ಟಿ ನಾನೂ ತಿಂದೇನಿ, ಹಾಳಿ ಇದ್ದಂಗ ತೆಳ್ಳಗ ಇತ್ತು."

ಪಕ್ಕದ ಮನೆಯ ನೀಲಮ್ಮ ಕೈ ಒಡ್ಡಿ, "ಇನ್ನ ಸ್ವಲ್ಪ ಸಕ್ರಿ ಹಾಕವಾ, ಮೂರ್ನೇದಕ್ಕೂ ತಿಂತೀವಿ" ಎಂದಳು.

ಆ ವಾರವೆಲ್ಲ ಅವರಿಗೆ ಬರೀ ಅನ್ನ. ರೊಟ್ಟಿ ಕೇಳಿದರೆ ಸುರಪುರದ ಬಸ್ಸು ತೋರಿಸಿದೆ. ಅವರು ಅನ್ನ ಕಲಸುತ್ತ ಒಮ್ಮೆ, "ಆಕಿನೂ ಮುಂಜಾನೆ ಪೇಪರ್ ಬಿಚ್ಚಿ ತನ್ನ ಫೋಟೋ ಹುಡುಕಿರ್ತಾಳಲ್ಲ" ಎಂದರು, ಅಷ್ಟೇ. ನಾನು ಎದ್ದು ಹೋಗಿ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟೆ.

ಇವತ್ತು ಗುಡ್ಡವನ್ನು ಮತ್ತೆ ಮತ್ತೆ ನೋಡಿದೆ. ಹಾಗೇ ಬಿಡಲು ಮನಸ್ಸಾಗಲಿಲ್ಲ. ಪತ್ರಿಕೆಯ ನಂಬರು ಇದ್ದದ್ದು ಅವರ ಮೊಬೈಲಿನಲ್ಲಿ, ಅದರಿಂದಲೇ ಮಾಡಿದೆ. ಕಚೇರಿಯವರು ಎತ್ತಿದ ಕೂಡಲೇ ನಗುತ್ತ, "ಏನ್ರಿ ಸಾವ್ಕಾರ್ರ, ಇವತ್ತೇನ್ ತಪ್ಪಾಗ್ಯಾದ?" ಎಂದರು.

"ನಾನ್ರಿ, ಅವರ ಮನಿಯಾಕಿ" ಎಂದು ಗುಡ್ಡದ ಸಂಗತಿ ಹೇಳಿದೆ.

"ಹೌದಲ್ರಿ, ಉಲ್ಟಾ ಆಗ್ಯಾದ. ನಾಳಿ ಸರಿ ಮಾಡ್ತೀವಿ. ಸಾವ್ಕಾರ್ರು ನಮ್ಮನ್ನ ಬೈದು ಭಾಳ ದಿನ ಆತು. ನಮ್ಮ ಪೇಪರ್ ಸುಧಾರಿಸ್ಯಾದ ಅಂತ ಖುಷಿ ಪಟ್ಟಿದ್ವಿ. ಆರಾಮ್ ಅದಾರಲ್ರಿ?"

ಹೂಂ ಎಂದುಬಿಡಬಹುದಿತ್ತು. ಅವರು ಅಲ್ಲಿ ಇನ್ನೂ ಕೆಲವು ದಿನ ಇರುತ್ತಿದ್ದರು.

"ಅದೂ ತಪ್ಪು ಅದರಿ" ಎಂದೆ. "ಬರಕೋರಿ, ಹೇಳ್ತೀನಿ."